ಜೇಬಿನ ಬಟ್ಟೆಯಲ್ಲಿ ಹೊಲಿದ ಅಂಗಿಗಳು

ಜೀನ್ಸ್ ಹೊಲಿಯುವ ಊರಿನಲ್ಲಿ ಅಷ್ಟು ವರ್ಷ ಬದುಕಿಯೂ ನಲವತ್ತು ದಾಟುವವರೆಗೆ ನಾನು ಜೀನ್ಸ್ ಹಾಕಿರಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ರಾಯದುರ್ಗದ ಶೆಡ್ಡುಗಳಲ್ಲಿ ಸೀರೆ ಉಟ್ಟು ಕೂತ ಹೆಂಗಸರೇ ಊರೂರಿನ ಗಂಡಸರಿಗೆ ಪ್ಯಾಂಟು ಹೊಲಿಯುವುದು. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಮುಂದಿನ ಜೇಬು. ಜೇಬು ಕೂರಿಸಿ ಪಕ್ಕಕ್ಕೆ ತಳ್ಳಿದರೆ ಮುಗಿಯಿತು. ಸೊಂಟ ಇನ್ಯಾರದೋ, ಕಾಲು ಇನ್ಯಾರದೋ. ಒಂದು ಇಡೀ ಬಟ್ಟೆಯನ್ನು ಒಬ್ಬರ ಮೈಗೆ ಒಪ್ಪುವಂತೆ ಹೊಲಿಯಬೇಕು, ಅವರು ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ತಿರುಗುವುದನ್ನು ನೋಡಬೇಕು ಎಂದು ನನಗೆ ಆಸೆ. ಗಂಡನಿಗೆ ಹೇಳಿದರೆ, "ಜೇಬು ಚೆಂದ ಹಚ್ತೀಯಲ್ಲ, ಇನ್ನೇನ್ ಬೇಕ?" ಎನ್ನುತ್ತಿದ್ದರು.

ಆಗ ಕಣೇಕಲ್ಲಿನ ಗೆಳತಿಯೊಬ್ಬಳು ಫೋನು ಮಾಡಿದಳು. ಮುಂಬೈಯ ಬಟ್ಟೆ ಅಂಗಡಿಯೊಂದರಲ್ಲಿ ಆಕೆಗೆ ಇಸ್ತ್ರಿ ಕೆಲಸ. ಅಲ್ಲಿ ಗಿರಾಕಿಗಳ ಅಳತೆ ತೆಗೆದು ಹೊಲಿದುಕೊಡುವವರು ಬೇಕಾಗಿತ್ತು. ಒಂದು ತಿಂಗಳು ನೋಡುತ್ತಾರೆ, ಹಿಡಿಸಿದರೆ ಇಟ್ಟುಕೊಳ್ಳುತ್ತಾರೆ.

"ನೀಟಾಗಿ ಬರ್ರಿ ಅಕ್ಕಾ. ಇಲ್ಲಿ ಮಂದಿ ಮಾರಿ ನೋಡೂಕಿಂತ ಮೊದ್ಲ ಬಟ್ಟಿ ನೋಡ್ತಾರ."

ಗಂಡನನ್ನು ಹೇಗೋ ಒಪ್ಪಿಸಿದೆ. ಆದರೆ ಗೆಳತಿಯ ಆ ಮಾತು ನನ್ನ ನಿದ್ದೆ ತಿಂದಿತು. ಚಿಂತೆಯ ವಿಷಯದಲ್ಲಿ ನಾನು ಸೋಮಾರಿಯಲ್ಲ. ಚಿಂತೆ ಸಿಗದ ದಿನ ಏನನ್ನೋ ಮರೆತಿದ್ದೇನೆ ಎಂದು ಚಿಂತಿಸುವವಳು.

ಶೆಡ್ಡಿನವರೇ ದಾರಿ ತೋರಿಸಿದರು. ಯಾರಾದರೂ ಕೆಲಸ ಬಿಟ್ಟು ದೂರ ಹೊರಟರೆ ನಮ್ಮಲ್ಲಿ ಎಲ್ಲರೂ ಸೇರಿ ಬಟ್ಟೆ ಹೊಲಿದು ಕಳಿಸುವ ರೂಢಿ. ಒಬ್ಬಳು ಜಿಪ್ಪು, ಒಬ್ಬಳು ಸೊಂಟ, ಒಬ್ಬಳು ಗುಂಡಿಯ ಕಾಜ. ಹಾಗೆ ನನಗೆ ಎರಡು ಜೀನ್ಸ್ ಪ್ಯಾಂಟು, ಅದೇ ಬಟ್ಟೆಯ ಮೂರು ಕುರ್ತಾ ಆದವು. ಜೇಬನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ಅದು ನಿಮ್ಮ ಖಾತಿ ರೀ" ಎಂದು ನಕ್ಕು ನನ್ನ ಕೈಗೇ ಕೊಟ್ಟರು.

ಬಟ್ಟೆ ಲಾರಿಯ ಟಾರ್ಪಾಲಿನಷ್ಟು ಗಟ್ಟಿ. ನಮ್ಮೂರಲ್ಲಿ ಅದೊಂದು ತೊಂದರೆಯೇ ಅಲ್ಲ. ಬೆಳಿಗ್ಗೆ ಒಗೆದು ಹಗ್ಗಕ್ಕೆ ಹಾಕಿದ್ದು ಊಟದ ಹೊತ್ತಿಗೆ ಹಪ್ಪಳವಾಗಿರುತ್ತದೆ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ ಇದ್ದರೆ ವರ್ಷ ಕಳೆಯುತ್ತದೆ ಎಂಬುದು ಒಣಸೀಮೆಯ ಲೆಕ್ಕ. ಆ ಲೆಕ್ಕವನ್ನು ನಾನು ಸಮುದ್ರದ ದಂಡೆಗೆ ಹೊತ್ತುಕೊಂಡು ಹೋದೆ.

ಮುಂಬೈಯಲ್ಲಿ ಗಾಳಿಯೇ ಒದ್ದೆ. ಮೊದಲ ದಿನ ಒಗೆದ ಪ್ಯಾಂಟು ಮೂರನೆಯ ದಿನವೂ ಸೊಂಟದಲ್ಲಿ ತೇವ ಹಿಡಿದುಕೊಂಡಿತ್ತು. ನಾನಿದ್ದದ್ದು ಗೆಳತಿಯ ಕೋಣೆಯಲ್ಲೇ. ಹಗ್ಗದ ಕಡೆ ನೋಡಿ ಆಕೆ, "ಏನ್ರಿ ಅಕ್ಕಾ ಇದು, ಎಮ್ಮಿ ಚರ್ಮ ಒಣಗಾಕಿದಂಗ ಐತಿ!" ಎಂದಳು. ತಂದಿದ್ದ ಪಾಲಿಸ್ಟರ್ ಸೀರೆ ಉಟ್ಟು ನೋಡಿದೆ. ನಡೆದರೆ ಕಾಲಿಗೆ ಅಂಟಿ ಸುತ್ತಿಕೊಂಡಿತು. ಬೇರೆ ದಾರಿಯಿಲ್ಲದೆ ಅರೆಒಣಗಿದ ಜೀನ್ಸನ್ನೇ ಹಾಕಿಕೊಂಡು ಹೋದೆ. ಅಳತೆ ತೆಗೆಯಲು ಬಗ್ಗಿದಾಗ ಗಿರಾಕಿ ಹೆಂಗಸು ಮೂಗು ಆ ಕಡೆ ತಿರುಗಿಸಿದಳು.

ಸಂಜೆ ಅಂಗಡಿಯ ಒಡತಿ ನನ್ನನ್ನು ಪಕ್ಕಕ್ಕೆ ಕರೆದರು. ಬೈಯುವುದನ್ನೂ ಮೆತ್ತಗೆ ಹೇಳುವ ಹೆಂಗಸು. ನಿನ್ನ ಕೈ ಚೆನ್ನಾಗಿದೆ, ಆದರೆ ಬಟ್ಟೆ ಮುಗ್ಗಲು ವಾಸನೆ ಬರುತ್ತಿದೆ, ಸೋಮವಾರದೊಳಗೆ ಸರಿಮಾಡಿಕೋ, ಇಲ್ಲವಾದರೆ ಒಳಗಿನ ಕೋಣೆಯಲ್ಲಿ ಜೇಬು ಹೊಲಿಯುತ್ತ ಕೂರು ಎಂದರು ಹಿಂದಿಯಲ್ಲಿ. ಜೇಬಂತೆ! ಅದನ್ನೇ ಹೊಲಿಯಲು ರೈಲು ಹತ್ತಿ ಇಷ್ಟು ದೂರ ಬರಬೇಕಿತ್ತೇ?

ಮಡಕಶಿರಾದ ಕಡೆ, ಗುಡಿಬಂಡೆಯ ಹತ್ತಿರ ನನ್ನ ತವರು. ಅಲ್ಲಿ ರೇಷ್ಮೆ ಹುಳು ಸಾಕುವ ತಂಗಿಗೆ ಫೋನು ಮಾಡಿ ಅತ್ತೆ.

"ಅಕ್ಕ, ಮಳೇಲಿ ನೆಂದ ಸೊಪ್ಪನ್ನ ಗುಡ್ಡೆ ಹಾಕಿದ್ರೆ ಏನಾಯ್ತದೆ?"

"ಬಿಸಿಯಾಗಿ ಕೊಳೀತದೆ."

"ಗೊತ್ತೈತಲ್ಲ! ಮತ್ತೆ ಕಂಬಳಿಯಂತ ಬಟ್ಟೇನ ಮೈಮೇಲೆ ಗುಡ್ಡೆ ಹಾಕ್ಕಂಡು ಕುಂತಿದ್ದೀಯಲ್ಲ. ತೆಳ್ಳಗಿರ್ಬೇಕು, ಗಾಳಿ ಆಡ್ಬೇಕು. ಹುಳಕ್ಕೆ ಮಾಡೋ ಉಪಚಾರಾನ ನಿನ್ ಮೈಗೂ ಒಂಚೂರು ಮಾಡ್ಕಾ ಕಣಕ್ಕ."

ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ಸುಮ್ಮನೆ "ಹೂಂ" ಎಂದೆ.

ಮರುದಿನ ಅಂಗಡಿಯಲ್ಲಿ ಕತ್ತರಿಸುವ ಮೇಜಿನ ಕೆಳಗೆ ಬಿಳಿಯ ಸುರುಳಿಯೊಂದು ಕಂಡಿತು. ಜೀನ್ಸಿನ ಜೇಬಿನ ಒಳಗೆ ಹಾಕುವ ಹತ್ತಿ ಬಟ್ಟೆ. ತೆಳು, ಮೆತ್ತಗೆ, ಯಾರ ಕಣ್ಣಿಗೂ ಬೀಳದ್ದು. ಕೈ ತೂರಿಸಿದವರಿಗೆ ಮಾತ್ರ ಗೊತ್ತು. ವರ್ಷಗಟ್ಟಲೆ ನನ್ನ ಬೆರಳ ಕೆಳಗೆ ಹಾದುಹೋದದ್ದು ಅದೇ. ಕೇಳಿದೆ. ಒಡತಿ ಹುಬ್ಬೇರಿಸಿ, ಬೇಕಾದಷ್ಟು ಹರಿದುಕೋ ಎಂದರು.

ಭಾನುವಾರ ಕೂತು ಮೂರು ಸಡಿಲ ಕುರ್ತಾ, ಎರಡು ಅಗಲ ಪೈಜಾಮ ಹೊಲಿದೆ. ಕಂಕುಳ ಬಿಗಿಯಿಲ್ಲ, ಕತ್ತಿಗೆ ಪಟ್ಟಿಯಿಲ್ಲ. ಹಾಕಿಕೊಂಡು ನೋಡಿದರೆ ಆಸ್ಪತ್ರೆಯಿಂದ ಎದ್ದು ಬಂದವಳಂತಿದ್ದೆ. ಊರಿಂದ ತಂದ ಒಂದು ಜೀನ್ಸ್ ಕುರ್ತಾ ಇನ್ನೂ ನೀರು ಕಂಡಿರಲಿಲ್ಲ. ಹೊಸ ಜೀನ್ಸಿನ ಮೊದಲ ನೀರು ಜೊತೆಗಿದ್ದ ಬಟ್ಟೆಯನ್ನೆಲ್ಲ ನೀಲಿ ಮಾಡುತ್ತದೆ. ರಾಯದುರ್ಗದಲ್ಲಿ ಎಷ್ಟೋ ಗಂಡಂದಿರ ಬಿಳಿ ಪಂಚೆ ಹಾಗೆ ಹಾಳಾಗಿ ಜಗಳಗಳಾಗಿವೆ. ನಾನು ಬೇಕೆಂದೇ ಎರಡು ಬಿಳಿ ಕುರ್ತಾ, ಒಂದು ಪೈಜಾಮವನ್ನು ಅದರ ಜೊತೆ ನೆನೆಹಾಕಿದೆ. ತಿಳಿನೀಲಿ ಹತ್ತಿತು, ಒಂದರ ಬೆನ್ನಿಗೆ ಸ್ವಲ್ಪ ಮಚ್ಚೆ. ಫ್ಯಾನಿನ ಕೆಳಗೆ ಹಾಕಿದ್ದು ಬೆಳಗಾಗುವುದರೊಳಗೆ ಒಣಗಿತ್ತು.

ಗೆಳತಿ ಒಂದರ ಮೇಲೊಂದು ಇಟ್ಟು ನೋಡಿದಳು. "ಯಾವುದರ ಮ್ಯಾಲ ಯಾವುದು ಹಾಕಿದ್ರೂ ಹೊಂದತೈತಲ್ರಿ! ಇದಕ್ಕ ಇಲ್ಲಿ ದೊಡ್ಡ ಮಂದಿ ಕ್ಯಾಪ್ಸೂಲ್ ವಾರ್ಡ್‌ರೋಬ್ ಅಂತಾರ."

"ನಮ್ಮ ಕಡೆ ಇದಕ್ಕೆ 'ಇರಾದೇ ಇಷ್ಟು' ಅಂತಾರೆ" ಎಂದೆ.

ಸೋಮವಾರ ನೀಲಿ ಕುರ್ತಾ, ಬಿಳಿ ಪೈಜಾಮ. ದಾರಿಯುದ್ದಕ್ಕೂ ಗಾಳಿ ಬೆನ್ನೊಳಗೆ ಓಡಾಡಿತು. ಆದರೂ ಯಾರಾದರೂ ಕೂಗಿ, "ಅಯ್ಯೋ, ಇದು ಜೇಬಿನ ಬಟ್ಟೆ" ಎಂದುಬಿಟ್ಟರೆ ಎಂಬ ಭಯ. ಹತ್ತೂವರೆಗೆ ಒಬ್ಬ ಹುಡುಗಿ ಬಂದಳು. ಅವಳ ಪ್ಯಾಂಟಿನ ಅಂಚಿಗೆ ಪಿನ್ನು ಚುಚ್ಚಲು ಬಗ್ಗಿದೆ. ಅವಳು ಮುಖ ತಿರುಗಿಸಲಿಲ್ಲ. ಬದಲಿಗೆ ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಎಲ್ಲಿ ಕೊಂಡದ್ದು ಎಂದಳು. ನಾನು ಪಿನ್ನು ಕೆಳಗಿಟ್ಟು ಹಿಂದಿಯ ಪದ ಹುಡುಕತೊಡಗಿದೆ.

"ಇವಳೇ ಹೊಲಿದದ್ದು" ಎಂದರು ಒಡತಿ.

ನನಗೂ ಒಂದು ಹೊಲಿದುಕೊಡುತ್ತಾಳೆಯೇ, ಇದೇ ಬಣ್ಣ, ತೋಳು ಮಾತ್ರ ಉದ್ದ ಎಂದು ಹುಡುಗಿ ಕೇಳಿದಳು. ಒಡತಿ ನನ್ನ ಕಡೆ ನೋಡಿ, ಒಳಗಿನ ಕೋಣೆಯ ಮಾತೆತ್ತದೆ, ಅಳತೆ ತಗೋ ಎಂದರು.

ಅದೇ ನೀಲಿ ಇನ್ನೊಮ್ಮೆ ಬರುತ್ತದೆಯೋ ಇಲ್ಲವೋ ಎಂದು ಆಗಲೇ ಚಿಂತೆ ಶುರುವಾಗಿತ್ತು. ಹುಡುಗಿ ಕೈ ಚಾಚಿ ಕನ್ನಡಿಯ ಮುಂದೆ ನಿಂತಳು. ನಾನು ಟೇಪು ಬಿಚ್ಚಿ ಭುಜದಿಂದ ಶುರುಮಾಡಿದೆ.