ಎಂಟನೇ ಮಹಡಿಯ ಮೇಲಿನ ತವರು

ಲಿಫ್ಟಿನ ಬಾಗಿಲು ತೆರೆಯುತ್ತದೆ. ಒಳಗಿನಿಂದ ಮೊದಲು ಎಲೆಗಳು ಬರುತ್ತವೆ. ಕತ್ತಿಯ ಹಾಗೆ ನೆಟ್ಟಗಿನ, ಮೈತುಂಬ ಹಾವಿನ ಪಟ್ಟೆಗಳಿರುವ, ಅಂಚಿಗೆ ಹಳದಿ ಕಟ್ಟಿದ ಎಲೆಗಳು. ಆಮೇಲೆ ಕುಂಡ. ಕುಂಡದ ಕೆಳಗೆ ಎರಡು ರಬ್ಬರ್ ಚಪ್ಪಲಿ. ಬೆಳಗಿನ ಜಾವಕ್ಕೆ ಎದ್ದು ಅರೆನಿದ್ದೆಯಲ್ಲೇ ಬಂದು ನಿಂತಿರುವ ನನಗೆ ಗಿಡಕ್ಕೇ ಕಾಲು ಬಂದಿದೆ ಅನಿಸುತ್ತದೆ. "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ಇವಳು ತವರಿಗೆ ಹೊರಟಿದ್ದಾಳೆ" ಎನ್ನುತ್ತದೆ ಎಲೆಗಳ ಹಿಂದಿನ ದನಿ.

ಎಲೆಮರೆಯ ಕಾಯಿ ಎಂಬ ಮಾತನ್ನು ನಾವು ಪತ್ರಿಕೆಯವರು ಬರೆದೂ ಬರೆದೂ ಸವೆಸಿಟ್ಟಿದ್ದೇವೆ. ನಿಜಕ್ಕೂ ಎಲೆಯ ಮರೆಯಲ್ಲೇ ನಡೆದಾಡುವವರನ್ನು ನಾನು ಕಂಡಿದ್ದು ಮಾತ್ರ ಇದೇ ಮೊದಲು. ಎಂಟು ಮಹಡಿಯ ಈ ಕಚೇರಿ ಕಟ್ಟಡದಲ್ಲಿ ಇವರನ್ನು ಎಲ್ಲರೂ ಗಿಡದಕ್ಕ ಎನ್ನುತ್ತಾರೆ. ಗಿಡದಕ್ಕ ಬಂದುಹೋದದ್ದು ಗೊತ್ತಾಗುವುದು ಕಡಿಮೆ. ಒಂಬತ್ತಕ್ಕೆ ಕುರ್ಚಿಗಳು ತುಂಬುವ ಹೊತ್ತಿಗೆ ನೆಲದ ಮೇಲೆ ಒಂದು ಚಿಟಿಕೆ ಮಣ್ಣೂ ಬಿದ್ದಿರುವುದಿಲ್ಲ.

ಕಟ್ಟಡದ ತುಂಬ ಇರುವುದು ಹೆಚ್ಚಾಗಿ ಒಂದೇ ಜಾತಿ, ಸ್ನೇಕ್ ಪ್ಲಾಂಟ್. ಹಾವಿನ ಗಿಡ ಅಂತಲೂ ಅನ್ನುತ್ತಾರೆ. ಕತ್ತಲೆಯಲ್ಲಿ ಇಡಿ, ಮರೆತುಬಿಡಿ, ಊರಿಗೆ ಹೋಗಿ ತಿಂಗಳು ಬಿಟ್ಟು ಬನ್ನಿ, ಹಾಗೇ ನಿಂತಿರುತ್ತದೆ. ಸೂರ್ಯನ ಮುಖವನ್ನೇ ನೋಡದ ಮೀಟಿಂಗ್ ರೂಮು, ಜೆರಾಕ್ಸ್ ಮಷಿನ್ನಿನ ಮೂಲೆ, ಎಲ್ಲೆಂದರಲ್ಲಿ ತಡೆದುಕೊಳ್ಳುತ್ತದೆ. "ತಡ್ಕೊಳ್ಳುತ್ತೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ ಸಾರ್" ಎನ್ನುತ್ತಾರೆ ಗಿಡದಕ್ಕ, ಮೊಣಕೈಯಿಂದ ತಾರಸಿಯ ಬಾಗಿಲು ತಳ್ಳುತ್ತ. "ಹೆಣ್ಮಕ್ಕಳಿಗೂ ಹಾಗೇ ಅಲ್ವಾ? ಹೊಂದ್ಕೊಂಡು ಹೋಗ್ತಾಳೆ ಅಂತ ಅಲ್ಲೇ ಬಿಟ್ಟುಬಿಡೋಕಾಗುತ್ತಾ? ಆಗಾಗ ಕರ್ಕೊಂಡು ಬರ್ಬೇಕು."

ಅದಕ್ಕೇ ಈ ತವರು. ಎಂಟನೇ ಮಹಡಿಯ ಮೇಲೆ ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕಕ್ಕೆ ಗಾಜಿನ ಚಾವಣಿಯ ಒಂದು ಪುಟ್ಟ ಕೋಣೆ. ಪ್ರತಿ ಶುಕ್ರವಾರ ಕತ್ತಲ ರೂಮುಗಳ ಗಿಡಗಳು ಇಲ್ಲಿಗೆ ಬರುತ್ತವೆ, ಎರಡು ಮೂರು ವಾರ ಬೆಳಕು ಕುಡಿದು ಇಳಿದುಹೋಗುತ್ತವೆ. ನಾವು ಒಳಗೆ ಕಾಲಿಟ್ಟಾಗ ಬೆಳಕು ಇನ್ನೂ ಬಂದಿಲ್ಲ, ಬರುವ ಸನ್ನಾಹದಲ್ಲಿದೆ. ಸಾಲಾಗಿ ನಿಂತ ಎಲೆಗಳು ಅದಕ್ಕೆ ಕಾಯುತ್ತಿವೆ. ಆಮೇಲೆ ಗಾಜಿನ ಒಂದು ಮೂಲೆ ಬೆಳ್ಳಗಾಗುತ್ತದೆ, ಎಲೆಗಳ ನೆರಳು ನೆಲದ ಮೇಲೆ ನಿಧಾನವಾಗಿ ಮೂಡುತ್ತದೆ, ಕೆಳಗಿನ ರಸ್ತೆಯ ಸದ್ದು ಬೇರೆ ಯಾವುದೋ ಲೋಕದ್ದೆಂಬ ಹಾಗೆ ಕೇಳುತ್ತದೆ. ಗೋಡೆಗೆ ಒತ್ತಿಟ್ಟ ಒಂದು ಸ್ಟೂಲಿನ ಮೇಲೆ ಕೂತರೆ ಏಳಲು ಮನಸ್ಸಾಗುವುದಿಲ್ಲ. ನಾನು ಅಲ್ಲೇ ಒಂದು ಸಣ್ಣ ನಿದ್ದೆ ತೆಗೆದೆ ಎಂದು ಗಿಡದಕ್ಕ ಆಮೇಲೆ ಚುಡಾಯಿಸಿದರು.

ಅವರ ಕೆಲಸದ ರೀತಿ ಹೀಗೆ. ಕುಂಡವನ್ನು ಒಂದು ಬದಿಯಿಂದ ಚೂರು ಎತ್ತಿ ತೂಕ ನೋಡುತ್ತಾರೆ. ಮಣ್ಣಿಗೆ ಬೆರಳು ಇಳಿಸುತ್ತಾರೆ. ಕೆಳಗಿನವರೆಗೂ ಒಣಗಿದ್ದರೆ ಮಾತ್ರ ನೀರು, ಅದೂ ತಟ್ಟೆಗೆ ಇಳಿದದ್ದನ್ನು ಚೆಲ್ಲಿಬಿಡಬೇಕು. ತೇವದ ಸುಳಿವಿದ್ದರೆ ಮುಂದಿನ ಶುಕ್ರವಾರ. "ನನ್ನ ಕೆಲ್ಸ ನೀರು ಹಾಕೋದು ಅಂತ ಎಲ್ರೂ ತಿಳ್ಕೊಂಡಿದಾರೆ. ಹಾಕದೇ ಇರೋದೇ ಕೆಲ್ಸ. ಸುಮ್ನಿರೋಕೂ ಸಂಬಳ ಕೊಡ್ತಾರಾ ಅಂತ ನಮ್ಮತ್ತೆ ನಗ್ತಾರೆ."

ಸುಮ್ಮನಿರುವುದು ಹೇಳಿದಷ್ಟು ಸುಲಭವಲ್ಲ. ಗಿಡದಕ್ಕ ಬೆಳೆದ ಬೀದಿಯಲ್ಲಿ ಮೂರು ದಿನಕ್ಕೊಮ್ಮೆ ನಲ್ಲಿಗೆ ನೀರು. ಕೊಡ ತುಳುಕಿದರೆ ಬೆನ್ನಿಗೆ ಏಟು. ಕಸ ಗುಡಿಸಲೆಂದು ಈ ಕಟ್ಟಡಕ್ಕೆ ಬಂದಾಗ ಮಹಡಿಗೊಂದು ನಲ್ಲಿ, ತಿರುಗಿಸಿದರೆ ಸಾಕು ಧೋ ಎನ್ನುವ ನೀರು. ಗಿಡ ನೋಡಿಕೊಳ್ಳುತ್ತೀಯಾ ಎಂದು ಕೇಳಿದ್ದೇ ತಡ, ಅವರು ಮನಸಾರೆ ಸುರಿದರು. ನನಗೆ ಸಿಗದ್ದು ಇವಕ್ಕಾದರೂ ಸಿಗಲಿ ಅಂತ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧದಷ್ಟು ಗಿಡಗಳು ನೆಲಕಚ್ಚಿದವು. "ಕೊಳೆತ ಬೇರಿನ ವಾಸ್ನೆ ಒಂದ್ಸಲ ಮೂಗಿಗೆ ಹತ್ತಿದ್ರೆ ಆಯ್ತು, ಸಾಯೋವರ್ಗೂ ಮರೆಯಲ್ಲ." ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅವರು ಅದನ್ನು ಮೂಗಿನಿಂದ ಕಲಿತಿದ್ದಾರೆ.

ಈಗ ಮಂಡಿ ನೋಯುತ್ತದೆ. ಲಿಫ್ಟ್ ಕೈಕೊಟ್ಟ ದಿನ ಕುಂಡಗಳನ್ನು ಮಗುವಿನಂತೆ ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತಬೇಕು. ಹಾಗಂತ ದೂರು ಹೇಳುವವರಲ್ಲ. ಬೇಸರವೆಲ್ಲ ಇನ್ನೊಂದು ಕಡೆ: ಜನರ ಪ್ರೀತಿ. ಬಾಟಲಿಯಲ್ಲಿ ಉಳಿದ ನೀರು, ತಣ್ಣಗಾದ ಟೀ, ಒಮ್ಮೆ ಯಾರೋ ಪುಣ್ಯಾತ್ಮ ಸುರಿದ ಕಿತ್ತಳೆ ರಸ, ಎಲ್ಲ ಕುಂಡಕ್ಕೇ. "ಯಾರೂ ಕೆಟ್ಟೋರಲ್ಲ ಸಾರ್. ಪಾಪ ಅನ್ಸಿ ಹಾಕ್ತಾರೆ. ಆ ಪಾಪ ಅನ್ನೋದನ್ನ ತಡೆಯೋದೇ ಕಷ್ಟ."

ಹಾಗೆ ಪಾಪ ಅನಿಸಿ ಹಾಕಿದವರಲ್ಲಿ ನಾಲ್ಕನೇ ಮಹಡಿಯ ಅಕೌಂಟ್ಸ್ ಮೇಡಂ ಒಬ್ಬರು.

ಅವರ ಮೇಜಿನ ಮೇಲೊಂದು ಹಾವಿನ ಗಿಡವಿತ್ತು. ಕಂಪನಿಯದ್ದಲ್ಲ, ಸ್ವಂತದ್ದು. ಕೆಲಸಕ್ಕೆ ಸೇರಿದ ದಿನ ಅವರ ಅಕ್ಕ ತಂದಿಟ್ಟದ್ದು. ತಾಯಿಯಿಲ್ಲದ ಮನೆಯಲ್ಲಿ ಇವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಕಳೆದ ವರ್ಷ ಆ ಅಕ್ಕ ತೀರಿಕೊಂಡರು. ಗಿಡ ಸೊರಗುವುದು ಕಂಡು ಗಿಡದಕ್ಕ ತಾವಾಗಿಯೇ ಕೇಳಿದ್ದಾರೆ, ತವರಿಗೆ ಕಳಿಸಿಕೊಡಿ ಮೇಡಂ ಎಂದು. "ನಂಗೇ ತವರಿಲ್ಲ, ಅದಕ್ಕೆಂಥ ತವರು?" ಎಂದು ಮೇಡಂ ಮುಖ ತಿರುಗಿಸಿದ್ದಾರೆ. ಮತ್ತೆ ಕೇಳುವ ಧೈರ್ಯ ಗಿಡದಕ್ಕನಿಗೆ ಬರಲಿಲ್ಲ.

ಒಂದು ಶುಕ್ರವಾರ ಗಿಡದಕ್ಕ ಆ ಗಿಡದ ಬುಡ ಒತ್ತಿ ನೋಡಿದರೆ ಮಾಗಿಬಿಟ್ಟ ಬಾಳೆಹಣ್ಣಿನಷ್ಟು ಮೆತ್ತಗೆ. ಜೊತೆಗೆ ಅದೇ ವಾಸನೆ. ಅಂದು ಮೇಡಂ ಬರುವವರೆಗೂ ಅವರು ಅಲ್ಲೇ ನಿಂತರು. ದಿನಾ ನೀರು ಹಾಕ್ತಿದ್ರಾ ಎಂದು ಮೆಲ್ಲಗೆ ಕೇಳಿದರು.

ಮೇಡಂ ಕುರ್ಚಿಯ ಮೇಲೆ ಕುಸಿದು ಹೇಳಿದ್ದನ್ನು, ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕನಿಗೆ ಕಿಡ್ನಿ ಕೆಟ್ಟಿತ್ತು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. "ನೀರು ನೀರು ಅಂತ ಕೇಳ್ತಿದ್ಲು. ನಾನು ಲೋಟ ಬಚ್ಚಿಡ್ತಿದ್ದೆ. ಅವಳು ಹೋದ್ಮೇಲೆ ಈ ಗಿಡ ನೋಡಿದ್ರೆ ಅವಳೇ ಕೇಳ್ದಂಗಾಗುತ್ತೆ. ದಿನಾ ಬಂದ ತಕ್ಷಣ ಒಂದು ಲೋಟ ಹಾಕ್ದೆ. ಅಕ್ಕನಿಗೆ ಕೊಡದೆ ಇದ್ದೆ, ಇದಕ್ಕೆ ಕೊಟ್ಟೂ ಕೊಂದೆನಾ?"

ಗಿಡದಕ್ಕ ಕುಂಡವನ್ನು ಎತ್ತಿಕೊಂಡು, "ಬದುಕಿಸ್ತೀನಿ ಮೇಡಂ" ಎಂದುಬಿಟ್ಟರು. ನಾಲಗೆ ಜಾರಿದ ಮೇಲೆ ಬುಡ ಬಿಡಿಸಿ ನೋಡಿದರು. ಬೇರುಗಳೆಲ್ಲ ಕೊಳೆತು ನೀರಾಗಿದ್ದವು. ಗಟ್ಟಿಯಾಗಿ ಉಳಿದಿದ್ದು ಒಂದೇ ಎಲೆ.

ಹಾವಿನ ಗಿಡವನ್ನು ಎಲೆಯಿಂದಲೂ ಎಬ್ಬಿಸಬಹುದು. ಎಲೆಯನ್ನು ತುಂಡು ಮಾಡಿ, ಗಾಯ ಒಣಗುವವರೆಗೆ ನಾಲ್ಕಾರು ದಿನ ನೆರಳಲ್ಲಿಟ್ಟು, ಆಮೇಲೆ ನೆಡಬೇಕು. ಒಂದೇ ಕಟ್ಟಳೆ: ಗಿಡದಲ್ಲಿದ್ದಾಗ ಕೆಳಗಿದ್ದ ತುದಿಯೇ ಮಣ್ಣಿಗೆ ಹೋಗಬೇಕು. ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲ. ಗಿಡದಕ್ಕ ಎಲೆಯ ಚೂಪು ಮೊನೆ ಕತ್ತರಿಸಿ ತೆಗೆದು, ನಾಲ್ಕು ತುಂಡುಗಳನ್ನು ಮನೆಯ ಅಡುಗೆ ಶೆಲ್ಫಿನ ಮೇಲೆ, ಕೆಳತುದಿ ಗೋಡೆಯ ಕಡೆಗೆ ಬರುವಂತೆ ಹಾಸಿ ಕೆಲಸಕ್ಕೆ ಹೋದರು.

ಮನೆಯಲ್ಲಿರುವುದು ಅವರ ಅತ್ತೆ. ಈ ಗಿಡಕ್ಕೆ ಅತ್ತೆ ನಾಲಿಗೆ ಎಂಬ ಹೆಸರೂ ಇದೆ, ಆದರೆ ಆ ಮನೆಯಲ್ಲಿ ಆ ಹೆಸರನ್ನು ಎತ್ತುವ ಹಾಗಿಲ್ಲ. ಅತ್ತಮ್ಮನಿಗೆ ಒಪ್ಪ ಓರಣದ ಹುಚ್ಚು. ಶೆಲ್ಫ್ ಒರೆಸಿದ ಅವರು ಎಲೆಯ ತುಂಡುಗಳನ್ನೂ ಒರೆಸಿ, ಡಬ್ಬಿ ಜೋಡಿಸಿದ ಹಾಗೆ, ಗಿಡ್ಡದ್ದರಿಂದ ಉದ್ದದ್ದಕ್ಕೆ ಚೆಂದವಾಗಿ ಸಾಲಿಟ್ಟುಬಿಟ್ಟರು. ಸಂಜೆ ಸೊಸೆ ಬಂದು ನೋಡಿದರೆ ಯಾವುದು ಬುಡ, ಯಾವುದು ತಲೆ ಒಂದೂ ತಿಳಿಯದು.

"ನಾನು ಮುಟ್ಟೇ ಇಲ್ಲ ಅಂದೆ ಮೊದ್ಲು" ಎಂದು ಅತ್ತಮ್ಮ ನನ್ನ ಬಳಿ ನಗುತ್ತಾರೆ. "ಇವಳು ಬೈಲಿಲ್ಲಪ್ಪ, ಶೆಲ್ಫ್ ಮುಂದೆ ಕೂತ್ಕೊಂಡು ಅತ್ಳು. ನಾನೇ ಜೋಡಿಸಿದ್ದು ಅಂತ ಒಪ್ಕೊಂಡೆ. ಆಮೇಲೆ ಇಬ್ರೂ ಸೇರಿ ನೆಟ್ವಿ. ಮೂರಕ್ಕೆ ಯಾವ ಕಡೆ ಬುಡ ಅನ್ನೋದು ಅವಳ ಲೆಕ್ಕ. ಈ ಗಿಡ್ಡದ್ದು ಮಾತ್ರ ಹೀಗೇ ಇತ್ತು ಅಂತ ನಾನು ಹಟ ಹಿಡಿದೆ."

ನಾನು ಮೊದಲ ಸಲ ಹೋದಾಗ ಆ ಕುಂಡ ತವರಿನ ಕಿಟಕಿಯ ಬಳಿ ಇತ್ತು. ನಾಲ್ಕು ತುಂಡುಗಳೂ ಮಣ್ಣಲ್ಲಿ ಮಾತಿಲ್ಲದೆ ನಿಂತಿದ್ದವು. ಇಂಥದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಕಿತ್ತು ನೋಡುವಂತಿಲ್ಲ. ಮೇಡಂ ಮಾತ್ರ ವಾರಕ್ಕೊಮ್ಮೆ ಲಿಫ್ಟಿನ ಬಳಿ ಸಿಕ್ಕು, ಏನೂ ಕೇಳದೆ, ಗಿಡದಕ್ಕನ ಮುಖ ನೋಡಿ ಹೋಗುತ್ತಿದ್ದರು. "ಆ ಮುಖಕ್ಕೆ ಇನ್ನೂ ಇಲ್ಲ ಅಂತ ಹೇಳೋದಿದ್ಯಲ್ಲ, ಅದಕ್ಕಿಂತ ಹತ್ತು ಕುಂಡ ಮೆಟ್ಟಿಲು ಹತ್ತಿಸ್ಬಹುದು."

ಮೂರು ತುಂಡುಗಳು ಒಂದೊಂದಾಗಿ ಸುಕ್ಕುಗಟ್ಟಿ ಒರಗಿದವು. ಚಳಿ ಕಳೆದು ಬಿಸಿಲು ಬಲಿತ ಒಂದು ದಿನ ನನಗೆ ಫೋನು ಬಂತು. ಆ ಕಡೆ ಉಸಿರೇ ಹೆಚ್ಚು, ಮಾತು ಕಡಿಮೆ. "ಬಂದಿದೆ ಸಾರ್. ಅತ್ತೇದು." ಅತ್ತಮ್ಮನ ಗಿಡ್ಡ ತುಂಡಿನ ಪಕ್ಕದಲ್ಲಿ ಮಣ್ಣು ಸೀಳಿಕೊಂಡು ಒಂದು ಮೊನಚು ಚಿಗುರು ತಲೆಯೆತ್ತಿತ್ತು. ಅತ್ತಮ್ಮ ಅಂದಿನಿಂದ ನೆಲದ ಮೇಲೆ ನಡೆಯುತ್ತಿಲ್ಲ ಎಂದು ಸೊಸೆಯ ದೂರು.

ಆದರೆ ಚಿಗುರು ಬಿಚ್ಚಿಕೊಂಡಂತೆ ಗಿಡದಕ್ಕನ ಮುಖ ಸಣ್ಣಗಾಯಿತು. ಹಳೆಯ ತುಂಡಿಗೆ ಹಳದಿ ಅಂಚು ಹಾಗೇ ಇದೆ. ಹೊಸದು ಬರೀ ಹಸಿರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುತ್ತೇವೆ, ಎಲೆಯಿಂದ ಹುಟ್ಟಿದ ಈ ಗಿಡ ಗಾದೆಗೆ ಬಗ್ಗುವುದಿಲ್ಲ. ಬೇರು ಸೀಳಿ ನೆಟ್ಟರೆ ಅಂಚು ಉಳಿಯುತ್ತದೆ, ಎಲೆಯಿಂದ ಎಬ್ಬಿಸಿದರೆ ಹೋಗಿಬಿಡುತ್ತದೆ. "ಯಾಕೆ ಅಂತ ನಂಗೂ ಗೊತ್ತಿಲ್ಲ. ಹೀಗಾಗುತ್ತೆ ಅಂತ ಗೊತ್ತಿತ್ತು, ಹೇಳೋಕೆ ಬಾಯಿ ಬರ್ಲಿಲ್ಲ. ಅಕ್ಕನ ಗಿಡ ಅಲ್ವೇ ಅಲ್ಲ ಅಂತ ಅವ್ರು ಅಂದ್ಬಿಟ್ರೆ?"

ಚಿಗುರು ಒಂದು ಗೇಣಾದ ಶುಕ್ರವಾರ ನಾನೂ ಜೊತೆಗಿದ್ದೆ. ನಾಲ್ಕನೇ ಮಹಡಿಯಲ್ಲಿ ಮೇಡಂ ಆಗಲೇ ಬಂದು ಕೂತಿದ್ದರು. ಗಿಡದಕ್ಕ ಕುಂಡವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮೇಡಂ ಚಿಗುರಿನ ಅಂಚಿನ ಗುಂಟ ಬೆರಳಾಡಿಸಿದರು.

"ಹಳದಿ?"

"ಬರಲ್ಲ ಮೇಡಂ. ಇನ್ನು ಯಾವತ್ತೂ ಬರಲ್ಲ. ನಾನು ಮೊದ್ಲೇ ಹೇಳ್ಬೇಕಿತ್ತು."

ಮೇಡಂ ಹಳೆಯ ತುಂಡಿನ ಹಳದಿ ಅಂಚನ್ನೂ ಒಮ್ಮೆ ಮುಟ್ಟಿ ನೋಡಿದರು. ಆಮೇಲೆ, "ನಾನೂ ಅಕ್ಕನ ಥರ ಇರ್ಲಿಲ್ಲ ಬಿಡಿ. ಅವಳು ಬೆಳ್ಳಗೆ, ಲಕ್ಷಣವಾಗಿದ್ಲು. ನೀವಿಬ್ರೂ ಒಂದೇ ಮನೆಯವ್ರಾ ಅಂತ ಎಲ್ರೂ ಕೇಳ್ತಿದ್ರು" ಎಂದು ಸಣ್ಣಗೆ ನಕ್ಕರು. ನಗುನಗುತ್ತಲೇ ಅವರ ಕೈ, ತನ್ನಷ್ಟಕ್ಕೆ ತಾನೇ, ನೀರಿನ ಬಾಟಲಿಯ ಕಡೆ ಹೋಯಿತು. ಮುಚ್ಚಳವನ್ನೂ ತೆಗೆದರು.

ಗಿಡದಕ್ಕ ಬೇಡ ಎನ್ನಲಿಲ್ಲ. ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆಯ ಚೂರನ್ನು ತೆಗೆದು, ಅದೇ ಬಾಟಲಿಯ ನೀರಿನಿಂದ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಮೇಡಂ ಕೈಗಿಟ್ಟರು. "ದಿನಾ ಏನಾದ್ರೂ ಮಾಡ್ಲೇಬೇಕು ಅನ್ಸುತ್ತಲ್ಲ ಮೇಡಂ, ಆಗ ಹೀಗೆ ಮುಖ ಒರೆಸಿ. ಧೂಳು ಹೋಗುತ್ತೆ. ನೀರಿಗೆ ನಾನು ಬರ್ತೀನಿ."

ಮೇಡಂ ಬಟ್ಟೆಯನ್ನು ನೋಡುತ್ತ ಕೂತರು. "ಕೊನೆಕೊನೆಗೆ ಅಕ್ಕನ ತುಟಿನೂ ಹೀಗೇ ಒರೆಸ್ತಿದ್ದೆ. ನರ್ಸು ಅಷ್ಟಕ್ಕೆ ಮಾತ್ರ ಬಿಡ್ತಿದ್ರು" ಎಂದರು. "ಅವಳಿಗೆ ಅದು ಸಾಕಾಗ್ತಿರ್ಲಿಲ್ಲ."

"ಇವಳಿಗೆ ಸಾಕು ಮೇಡಂ" ಎಂದರು ಗಿಡದಕ್ಕ.

ಮೇಡಂ ಎಲೆಯನ್ನು ಬುಡದಿಂದ ತುದಿಯವರೆಗೆ, ಎರಡೂ ಮಗ್ಗುಲು, ಒರೆಸಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕಣ್ಣು ತುಂಬಿತ್ತು, ಅದನ್ನು ಮುಚ್ಚಿಟ್ಟು ಬರೆಯುವುದಕ್ಕೆ ನನಗೆ ಬರುವುದಿಲ್ಲ.

ಲಿಫ್ಟು ಮೇಲೇರುವಾಗ ಗಿಡದಕ್ಕನ ಕೈಯಲ್ಲಿ ಮತ್ತೊಂದು ಕುಂಡ, ಮತ್ತೆ ಎಲೆಗಳ ಹಿಂದಿನಿಂದಲೇ ಮಾತು. ಇಷ್ಟು ವರ್ಷ ದುಡಿದಿರಿ, ಏನಾದರೂ ಆಸೆ ಇದೆಯಾ ಎಂದು ನಾನು ಪತ್ರಿಕೆಯವನ ಪ್ರಶ್ನೆ ಕೇಳಿದೆ.

"ಆ ಚಿಕ್ಕದು ತಿರ್ಗಾ ಒಂದ್ಸಲ ತವರಿಗೆ ಬರ್ಬೇಕು ಸಾರ್. ಈ ಸಲ ಕಳಿಸ್ತಾರೆ ಅನ್ಸುತ್ತೆ. ಮೇಡಂ ಕೂಡ ಜೊತೆಗೆ ಬಂದ್ರೆ ಬರ್ಲಿ. ಸ್ಟೂಲು ಖಾಲಿನೇ ಇರುತ್ತಲ್ಲ."