ಕಾರಿನ ಡಿಕ್ಕಿಯಲ್ಲಿ ಬೆಂದ ರಕ್ತ

ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಐಸಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ರಕ್ತದ ಕೊಳವೆಗಳನ್ನು ಐಸ್ ಡಬ್ಬಿಯಲ್ಲಿಟ್ಟು ಎದೆಗವಚಿಕೊಂಡು ಓಡಾಡಿದವಳು. “ಹೆತ್ತ ಮಗಳನ್ನೂ ನೀನು ಹೀಗೆ ಎತ್ಕೊಂಡಿರ್ಲಿಲ್ಲ,” ಎಂದು ಗಂಡ ಚುಚ್ಚುತ್ತಿದ್ದ. “ಮಗಳು ಬಿಸಿಲಿಗೆ ಕೆಡೋಲ್ಲ ಕಣ್ರೀ,” ಎನ್ನುತ್ತಿದ್ದಳು.

ಲ್ಯಾಬಿನ ಯಜಮಾನ ಡಾಕ್ಟರಿಗೆ ಹೊಟ್ಟೆ ದೊಡ್ಡದು, ಹೆಸರಿನ ಹಸಿವು ಅದಕ್ಕಿಂತ ದೊಡ್ಡದು. ಕಬ್ಬಿಣಕ್ಕೆ ತುಕ್ಕು ಹಿಡಿಸುವಂತೆ ಆಮ್ಲಜನಕವು ಮೈಯೊಳಗಿನ ಕೊಬ್ಬನ್ನೂ ಕೆಡಿಸುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ತಿಳಿಗೆ ರಾಸಾಯನಿಕ ಬೆರೆಸಿ ಕುದಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕೊಬ್ಬಿನ ಕೆಡುಕು ಹೆಚ್ಚು. ಇಷ್ಟನ್ನು ಅರ್ಧಂಬರ್ಧ ಓದಿಕೊಂಡ ಆ ಮಹಾನುಭಾವರು ‘ತುಕ್ಕು ಬಿಡಿಸುವ’ ಮಾತ್ರೆ ಮಾಡಿಸಿದರು. ಗೋಡೆಗೆ ಬಣ್ಣ ಬಳಿಯುವ ನಲವತ್ತು ಮಂದಿಗೆ ಅದನ್ನು ಒಂದು ತಿಂಗಳು ನುಂಗಿಸಿ, ಮೊದಲೊಮ್ಮೆ ಆಮೇಲೊಮ್ಮೆ ರಕ್ತ ತೆಗೆಸಿದರು. ಕೆಡುಕಿನ ಅಂಕಿ ಅರ್ಧಕ್ಕಿಳಿಯಿತು.

“ಸಹಿ ಹಾಕಮ್ಮ, ನಾಳೆ ಅಚ್ಚಿಗೆ ಹೋಗ್ಬೇಕು,” ಎಂದು ವರದಿಯನ್ನು ಮುಂದೆ ತಳ್ಳಿದರು.

ಐಸಕ್ಕ ಪೆನ್ನು ಮುಟ್ಟಲಿಲ್ಲ. ಮೊದಲ ಸಲದ ರಕ್ತ ಡಾಕ್ಟರ ಕಾರಿನ ಡಿಕ್ಕಿಯಲ್ಲಿ ಇಡೀ ದಿನ ಬೆಂದಿತ್ತು. ಆಗ ಅವರು ಮಾವನ ಮನೆಯಲ್ಲಿ ಉಂಡು ಗೊರಕೆ ಹೊಡೆಯುತ್ತಿದ್ದರು. ಎರಡನೆಯ ಸಲದ್ದನ್ನು ಅವಳೇ ಐಸಿನಲ್ಲಿಟ್ಟು ತಂದಿದ್ದಳು. ಮೈಯಿಂದ ಹೊರಬಂದ ರಕ್ತವೂ ಬಿಸಿಗೆ ಕೆಡುತ್ತಲೇ ಇರುತ್ತದೆಂಬುದು ಅಲ್ಲಿ ಕೊಳವೆ ತೊಳೆಯುವವಳಿಗೂ ಗೊತ್ತು.

“ಸ್ವಲ್ಪ ತೋಳು ಕೊಡಿ ಸಾರ್.”

ಒಂದೇ ಚುಚ್ಚಿಗೆ ಎರಡು ಕೊಳವೆ ತುಂಬಿದಳು. ಒಂದನ್ನು ಐಸಿನಲ್ಲಿ, ಇನ್ನೊಂದನ್ನು ಕಿಟಕಿಯ ಬಿಸಿಲಿನಲ್ಲಿ ಇಟ್ಟಳು. ಸಂಜೆ ಎರಡರ ತಿಳಿಗೂ ರಾಸಾಯನಿಕ ಬೆರೆಸಿ ಕುದಿಸಿ ಮೇಜಿನ ಮೇಲಿಟ್ಟಳು. ಐಸಿನದು ತೆಳು ಗುಲಾಬಿ, ಬಿಸಿಲಿನದು ಗಾಢ.

“ಎರಡೂ ನಿಮ್ಮದೇ ರಕ್ತ. ಐಸಿಗೆ ಯಾವ ಮಾತ್ರೆ ನುಂಗಿಸಿದ್ರಿ ಸಾರ್?”

ಡಾಕ್ಟರು ಇಂಗು ತಿಂದ ಮಂಗನಂತಾದರು. “ದೊಡ್ಡ ವಿಜ್ಞಾನಿ ಆಗ್ಬಿಟ್ಯಾ? ಸಹಿ ಹಾಕ್ತೀಯೋ, ಮನೆಗೆ ಹೋಗ್ತೀಯೋ?”

“ಹಾಕ್ತೀನಿ,” ಎಂದಳು. ವರದಿಯ ಕೊನೆಯಲ್ಲಿ ‘ಮೊದಲ ಸಲದ ರಕ್ತ ಒಂದು ದಿನ ಡಿಕ್ಕಿಯಲ್ಲಿತ್ತು’ ಎಂದು ಗುಂಡಗೆ ಬರೆದು, ಅದರ ಕೆಳಗೆ ಸಹಿ ಮಾಡಿದಳು. ಅಲ್ಲಿಗೆ ಅವಳ ಇಪ್ಪತ್ತೆರಡು ವರ್ಷದ ಕೆಲಸ ಮುಗಿಯಿತು.

ವರದಿ ಹೊಸದಾಗಿ ಟೈಪಾಗಿ ಅಚ್ಚಾಯಿತು. ಸಹಿ ಡಾಕ್ಟರ ಭಾವಮೈದನದು. ಸೂಜಿ ಕಂಡರೇ ಮೂರ್ಛೆ ಹೋಗುವ ಆಸಾಮಿ.

ಐಸಕ್ಕ ಈಗ ಇನ್ನೊಂದು ಬೀದಿಯ ಸಣ್ಣ ಲ್ಯಾಬಿನಲ್ಲಿದ್ದಾಳೆ. ಮೊನ್ನೆ ಆ ನಲವತ್ತು ಮಂದಿಯಲ್ಲೊಬ್ಬ ಬಂದು, “ಅಕ್ಕಾ, ಆ ಮಾತ್ರೆ ಇನ್ನೂ ನುಂಗ್ಬೇಕಾ?” ಎಂದು ಕೇಳಿದ.

“ನುಂಗೋದಾದ್ರೆ ಉಗುಳು ನುಂಗಪ್ಪ,” ಎಂದಳು. “ಅದೂ ಅಷ್ಟೇ ಕೆಲಸ ಮಾಡುತ್ತೆ.”