ಎಂಟು ಬರುವ ವಿಳಾಸದ ಕೋಡ್

ತೊಂಬತ್ತರ ದಶಕದಲ್ಲಿ ನಾನು ಜಯನಗರದ ಪ್ರಕಾಶಕರೊಬ್ಬರ ಬಳಿ ಕೆಲಸಕ್ಕಿದ್ದೆ. ಅಮೆರಿಕದ ಲೈಬ್ರರಿಯೊಂದು ನಮಗೆ ಮೊದಲ ಆರ್ಡರ್ ಕೊಡಲು ಮುಂದಾಗಿ, ಪುಸ್ತಕ ವ್ಯಾಪಾರದ ವಿಳಾಸಗಳಿಗೆ ಕೊಡುವ ಏಳಂಕಿಯ ಕೋಡ್ ಕೇಳಿತು. ಅರ್ಜಿ ಹಾಕಿದಾಗ ಕಚೇರಿಗೊಂದು, ಪದ್ಮನಾಭನಗರದ ಗೋದಾಮಿಗೊಂದು ಕೋಡ್ ಬಂದವು. ಕಚೇರಿಯ ಕೋಡಿನ ಅಂಕಿಗಳನ್ನು ಕೂಡಿಸುತ್ತಾ ಹೋದರೆ ಕೊನೆಗೆ ಎಂಟು.

"ಶನಿ ನಂಬರ್ ಕಣ್ರೀ, ಬೇಡ," ಎಂದ ಮಾಲೀಕರು ಒಂಬತ್ತು ಬರುವ ಗೋದಾಮಿನ ಕೋಡನ್ನೇ ಕಳಿಸಿದರು. ಗೋದಾಮೆಂದರೆ ಅವರ ಅತ್ತೆ ಮನೆಯ ಕಾರ್ ಶೆಡ್.

ಎರಡು ತಿಂಗಳಾದರೂ ಆರ್ಡರ್ ಬರಲಿಲ್ಲ. ಕೋಡ್ ಸೂಚಿಸುವ ವಿಳಾಸಕ್ಕೇ ಆರ್ಡರ್ ಹೋಗಿರಬಹುದೆಂದು ಕೊನೆಗೆ ಮಾಲೀಕರು ಅತ್ತೆಗೆ ಫೋನ್ ಮಾಡಿದರು. ಆಕೆಯ ದನಿ ನನ್ನ ಮೇಜಿಗೂ ಕೇಳಿಸಿತು.

"ಫಾರಿನ್ ಲೆಟರ್ ತಾನೇ ಅಳಿಯಂದ್ರೇ? ಬಂದಿತ್ತು. ಇದು ಸಂಸಾರಸ್ಥರ ಮನೆ, ಅಂಗಡಿ ಅಲ್ಲ ಅಂತ ವಾಪಸ್ ಕಳಿಸ್ದೆ."

ಅಂದೇ ಲೈಬ್ರರಿಗೆ ಕ್ಷಮೆ ಕೋರಿ ಎಂಟರ ಕೋಡ್ ಕಳಿಸಿದೆವು. ಕಾರಣವನ್ನು ‘ತಾಂತ್ರಿಕ ದೋಷ’ ಎಂದು ನಾನೇ ಟೈಪ್ ಮಾಡಿದೆ.